ತೊಲೆಗೆ ಕಟ್ಟಿದ ಹಗ್ಗ ಬಿಚ್ಚಿಡಿ

ಶಿರ್ವದ ಓದುಗರೊಬ್ಬರು ಬರೆದಿದ್ದಾರೆ: "ಅಮ್ಮನಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಮಲ್ಲಿಗೆ ಕಟ್ಟುತ್ತಿದ್ದ ಬಲಗೈ ಈಗ ಅರ್ಧ ಏಳುತ್ತದೆ, ಬೆರಳು ಸ್ವಲ್ಪ ಬಿಚ್ಚುತ್ತದೆ. ಫಿಸಿಯೋಥೆರಪಿಗೆ ಹೋದರೆ ತಿಂಗಳಿಗೊಬ್ಬ ಹೊಸ ವಿದ್ಯಾರ್ಥಿ. ಬೇಸತ್ತು, ಚಾವಡಿಯ ತೊಲೆಗೆ ರಾಟೆ ಕಟ್ಟಿ ನಾವೇ ಕೈ ಎಳೆಸುತ್ತಿದ್ದೇವೆ. ಇಷ್ಟು ಸಾಕಲ್ಲವೇ?"

ಮೊದಲು ಆ ಹಗ್ಗ ಬಿಚ್ಚಿ. ಒಳ್ಳೆ ಕೈ ಎಳೆದರೆ ಸೋತ ಕೈ ಮೇಲೇರುತ್ತದೆ ನಿಜ, ಆದರೆ ಜೊತೆಗೆ ತಿರುಗಬೇಕಾದ ಬೆನ್ನಿನ ರೆಕ್ಕೆಮೂಳೆ ಸರಿಯಾಗಿ ತಿರುಗುವುದಿಲ್ಲ. ಹೆಗಲ ಕೀಲಿನೊಳಗಿನ ಮೆದು ಭಾಗ ಸಿಕ್ಕಿಕೊಂಡು ಜಜ್ಜಿಹೋಗುತ್ತದೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಾಟೆ ಎಳೆದವರ ಪೈಕಿ ಶೇ. 62 ಮಂದಿಗೆ ಹೆಗಲುನೋವು ಬಂತು. ಥೆರಪಿಸ್ಟ್ ಕೈಯಾರೆ ಆಡಿಸಿದವರಲ್ಲಿ ಶೇ. 8. ರೋಗಿಗಳು 28 ಮಂದಿಯಷ್ಟೇ, ಆದರೂ ಅಂತರ ನೋಡಿ. ಅಮ್ಮನನ್ನು ಎಬ್ಬಿಸುವಾಗ ಆ ಕೈ ಹಿಡಿದು ಎಳೆಯುವುದೂ ಬೇಡ.

ಮನೆಯವರೇ ಸಾಕೇ? ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ 'ಅಟೆಂಡ್' ಪ್ರಯೋಗ (2017) ಇದನ್ನೇ ಹತ್ತಿರದಿಂದ ನೋಡಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆಯಷ್ಟೇ; ಇನ್ನೊಂದು ಗುಂಪಿನ ಮನೆಯವರಿಗೆ ಅಭ್ಯಾಸ ಮಾಡಿಸುವ ಹೆಚ್ಚುವರಿ ತರಬೇತಿಯನ್ನೂ ಕೊಟ್ಟರು. ಆರು ತಿಂಗಳಲ್ಲಿ ತೀರಿಹೋದವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ಶೇ. 47. ಥೆರಪಿಸ್ಟರ ಜಾಗಕ್ಕೆ ಮನೆಯವರನ್ನು ಕೂರಿಸಲು ಇದು ಆಧಾರವಾಗದು.

ಹಾಗಂತ ಮನೆಯ ಅಭ್ಯಾಸ ದಂಡವಲ್ಲ. ಉತ್ತರ ಅಮೆರಿಕದಲ್ಲಿ ಸ್ಟ್ರೋಕ್ ರೋಗಿಗಳ 312 ಥೆರಪಿ ಸೆಷನ್ ನೋಡಿ ಎಣಿಸಿದಾಗ (2009), ಕೈಯ ಅಭ್ಯಾಸ ನಡೆದಲ್ಲೂ ಅದನ್ನು ನಿಜವಾದ ಕೆಲಸಕ್ಕೆ ಹಚ್ಚಿದ್ದು ಒಂದು ಸೆಷನ್ನಿಗೆ ಸರಾಸರಿ 32 ಸಲ! ಉಳಿದದ್ದು ಮನೆಯಲ್ಲೇ ಆಗಬೇಕು.

ಮೇಜಿನ ಮೇಲೆ ಒಂದಡಿ ಅಂತರದಲ್ಲಿ ಎರಡು ಬಟ್ಟಲು ಇಡಿ, ಒಂದರಲ್ಲಿ 20 ಒಣ ಅಡಿಕೆ. ಒಂದೊಂದಾಗಿ ದಾಟಿಸಲಿ. ಎಲ್ಲರೂ ಎಡವುವುದು ಇಲ್ಲಿ: ಕೈ ಚಾಚುವ ಬದಲು ಮೈಯನ್ನೇ ಮುಂದೆ ಬಾಗಿಸುತ್ತಾರೆ, ಇಲ್ಲವೇ ಹೆಗಲು ಕಿವಿಗೆ ಏರಿಸುತ್ತಾರೆ. ಅಡಿಕೆ ದಾಟುತ್ತದೆ, ಕೈ ಕಲಿಯುವುದಿಲ್ಲ. ಎದೆಗೂ ಕುರ್ಚಿಯ ಬೆನ್ನಿಗೂ ಸೇರಿಸಿ ಒಂದು ಬೈರಾಸು ಸಡಿಲವಾಗಿ ಸುತ್ತಿ, ಪಕ್ಕದಲ್ಲಿ ಒಬ್ಬರಿರಿ. ಆದರೂ ಬಾಗಿದರೆ ಬಟ್ಟಲು ಹತ್ತಿರ ತನ್ನಿ. ಹೆಗಲು ನೊಂದರೆ ಅಂದಿಗೆ ನಿಲ್ಲಿಸಿ. ವಾರಕ್ಕೊಮ್ಮೆ ಒಂದು ನಿಮಿಷದಲ್ಲಿ ಎಷ್ಟು ದಾಟಿತೆಂದು ಕ್ಯಾಲೆಂಡರಿನಲ್ಲಿ ಬರೆಯಿರಿ. ಅಡಿಕೆ ಸಲೀಸಾದ ಮೇಲೆ ಹುಣಸೆ ಬೀಜ, ಆಮೇಲೆ ಮಲ್ಲಿಗೆ ಮೊಗ್ಗು, ಬಾಳೆನಾರು.

ವಿದ್ಯಾರ್ಥಿಗಳ ಮೇಲಿನ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರು ಬದಲಾಗುವುದು ಪೋಸ್ಟಿಂಗ್ (ಒಂದು ವಿಭಾಗದಲ್ಲಿ ಕಲಿಯುವ ಸರದಿ) ಮುಗಿದಾಗ. ರೋಗಿಯ ಮೈ ಮುಟ್ಟದೆ ಈ ವಿದ್ಯೆ ಬಾರದು. ಕೇಳಬೇಕಾದ್ದು ಫೈಲನ್ನು. ಅದರಲ್ಲಿ ಫ್ಯೂಗಲ್-ಮೆಯರ್ ಅಂಕ (ಸ್ಟ್ರೋಕ್ ಬಳಿಕ ಚಲನೆ ಎಷ್ಟು ಮರಳಿದೆ ಎಂಬ ಅಳತೆ; ಕೈಗೆ 66ರಲ್ಲಿ ಎಷ್ಟು) ಇರಬೇಕು, ಹಿಂದಿನವರು ಎಲ್ಲಿಗೆ ನಿಲ್ಲಿಸಿದರು ಎಂದಿರಬೇಕು. "ವ್ಯಾಯಾಮ ಮಾಡಿಸಲಾಯಿತು" ಎಂದಷ್ಟೇ ಇದ್ದರೆ ವಿದ್ಯಾರ್ಥಿಯನ್ನಲ್ಲ, ಮೇಲ್ವಿಚಾರಕರನ್ನು ವಿಚಾರಿಸಿ.

ಮುಂದಿನ ಸಲ ಕ್ಯಾಲೆಂಡರಿನ ಹಾಳೆಯ ಜೊತೆ, ಅಡಿಕೆ ದಾಟಿಸುವುದನ್ನು ಪಕ್ಕದಿಂದ ಮೊಬೈಲಿನಲ್ಲಿ ಹಿಡಿದು ಒಯ್ಯಿರಿ. ಬೆನ್ನು ಬಾಗಿತೋ ಹೆಗಲು ಏರಿತೋ, ಥೆರಪಿಸ್ಟರಿಗೆ ಅಲ್ಲೇ ಕಾಣುತ್ತದೆ.

– ಸಂ.