ಓದುಗರ ಪ್ರಶ್ನೆ: ಜ್ವಾಲಾಮುಖಿ ಪಾರ್ಕಿನಲ್ಲಿ ಎರಡು ರಾತ್ರಿ ಟೆಂಟು ಹಾಕಬಹುದಾ?

ಪ್ರಶ್ನೆ: ನಮ್ಮ ಮಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೆಲಸ ಮಾಡುತ್ತಾನೆ. ಬರುವ ವರ್ಷ ಜುಲೈನಲ್ಲಿ ನಾನು, ನಮ್ಮ ಯಜಮಾನರು, 72 ವರ್ಷದ ಅತ್ತೆ ಮೂವರೂ ಹೋಗುತ್ತಿದ್ದೇವೆ. ಲ್ಯಾಸೆನ್ ವಾಲ್ಕ್ಯಾನಿಕ್ ನ್ಯಾಷನಲ್ ಪಾರ್ಕ್‌ನಲ್ಲಿ ಎರಡು ರಾತ್ರಿ ಟೆಂಟಿನಲ್ಲಿ ಇರೋಣ ಅಂತ ಮಗ ಹಟ ಹಿಡಿದಿದ್ದಾನೆ. ಜ್ವಾಲಾಮುಖಿ ಅಂದ ಕೂಡಲೇ ಯಜಮಾನರು ಬೇಡವೇ ಬೇಡ ಅಂದುಬಿಟ್ಟರು. ಅಲ್ಲಿ ಭೂಮಿಯೇ ಬಿಸಿ ಇರುತ್ತದೆ, ಹಾಸಿಗೆ ಹೊದಿಕೆ ಜಾಸ್ತಿ ಬೇಡ ಅಲ್ವಾ? ಅತ್ತೆಗೆ ಮೊಣಕಾಲು ನೋವು, ರೊಟ್ಟಿ ಬೇಳೆ ಬಿಟ್ಟು ಬೇರೆ ಒಗ್ಗುವುದಿಲ್ಲ. ಹೇಗೆ ಮಾಡಲಿ?
— ಓದುಗಿ, ಕಲಬುರಗಿ

ಅಕ್ಕಾ, ಧಾರಾಳವಾಗಿ ಹೋಗಿ ಬನ್ನಿ. ಆದರೆ ಹಾಸಿಗೆ ಹೊದಿಕೆ ಜಾಸ್ತಿ ಬೇಡ ಅಲ್ವಾ ಅಂತ ಕೇಳಿದ್ದೀರಲ್ಲ, ಆ ಸಾಲು ಓದಿ ನನಗೆ ಗಾಬರಿಯಾಯಿತು, ಅದಕ್ಕೇ ಉಳಿದದ್ದೆಲ್ಲ ಆಮೇಲೆ, ಮೊದಲು ಅದನ್ನೇ ಹೇಳುತ್ತೇನೆ. ಬೆಂಕಿ ಬೆಟ್ಟಕ್ಕೆ ಹೋಗುವವರು ಮೊದಲು ಥಂಡಿಗೆ ತಯಾರಾಗಬೇಕು.

ನಮ್ಮ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಲ್ಯಾಸೆನ್‌ನ ದೊಡ್ಡ ಕ್ಯಾಂಪ್‌ಗ್ರೌಂಡ್ ಇರುವುದು ಮ್ಯಾಂಜನೀಟಾ ಲೇಕ್ ಎಂಬ ಕೆರೆಯ ಪಕ್ಕ, ಸುಮಾರು 5,900 ಅಡಿ ಮೇಲೆ. ಜುಲೈ ಹಗಲು ಹಿತವಾದ ಬಿಸಿಲು. ಹೊತ್ತು ಮುಳುಗಿತು ಅಂದರೆ ಥಂಡಿ ಸರಸರ ಇಳಿಯುತ್ತದೆ, ಬೆಳಗಿನ ಜಾವಕ್ಕೆ 5–8 ಡಿಗ್ರಿ ಆಗುವುದು ಮಾಮೂಲು. 42 ಡಿಗ್ರಿ ಬಿಸಿಲು ತಿಂದು ಬೆಳೆದ ನಮ್ಮ ಮೈಗೆ ಅದು ಸಣ್ಣ ಥಂಡಿಯಲ್ಲ.

ಕೆಲವು ವರ್ಷಗಳ ಹಿಂದೆ ನಾನು ಮತ್ತು ನನ್ನ ತಮ್ಮ ಅಲ್ಲಿ ಎರಡು ರಾತ್ರಿ ಇದ್ದೆವು. ಮೇಲೆ ಎರಡು ದಪ್ಪ ಹೊದಿಕೆ ಇದ್ದವು, ಕೆಳಗೆ ಒಂದು ತೆಳ್ಳನೆಯ ಚಾದರ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಬೆನ್ನು ಮರಗಟ್ಟಿ ಹೋಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು, ಟೆಂಟಿನ ಒಳಬದಿಗೆ ನಮ್ಮ ಉಸಿರೇ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು, ಕೊನೆಗೆ ಇಬ್ಬರೂ ಕಾರಿನಲ್ಲಿ ಕೂತು ಬೆಳಕು ಹರಿಸಿದೆವು. ಮೇಲೆ ಎಷ್ಟು ಹೊದ್ದರೂ ನೆಲ ಕೆಳಗಿನಿಂದ ಮೈಯ ಕಾವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಅದಕ್ಕೇ ಮಗನಿಗೆ ಹೇಳಿ, ಮೊದಲು ಕೆಳಗೆ ಹಾಸುವ ದಪ್ಪ ಫೋಮ್ ಪ್ಯಾಡ್ ತರಲಿ. ಆಮೇಲೆ ಸ್ಲೀಪಿಂಗ್ ಬ್ಯಾಗ್. ಅದರ ಮೇಲೆ ಎಷ್ಟು ಥಂಡಿಗೆ ಅಂತ ನಂಬರ್ ಬರೆದಿರುತ್ತಾರೆ, 20 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 7, ಅಂಥದ್ದು ಇದ್ದರೆ ಚಿಂತೆಯಿಲ್ಲ. ಅಲ್ಲಿ ಬಾಡಿಗೆಗೂ ಸಿಗುತ್ತವೆ, ಎರಡು ರಾತ್ರಿಗೆ ಸುಮ್ನೆ ಕೊಳ್ಳಬೇಡಿ. ಮನೆಯ ಕೌದಿ ಒಯ್ಯುವುದಾದರೆ ಒಯ್ಯಿರಿ, ಒಳ್ಳೆಯದೇ. ಆದರೆ ಹತ್ತಿ ಬಟ್ಟೆ ಒಮ್ಮೆ ತೇವ ಆಯಿತು ಅಂದರೆ ಬಿಸಿ ಕೊಡುವುದಿಲ್ಲ. ಮಲಗುವಾಗ ಹಗಲು ಹಾಕಿದ ಬಟ್ಟೆ ಬಿಚ್ಚಿ ಒಣ ಬಟ್ಟೆ, ಉಣ್ಣೆಯ ಟೋಪಿ, ಕಾಲುಚೀಲ ಹಾಕಿಕೊಳ್ಳಿ.

ಅತ್ತೆಯವರನ್ನು ಮಾತ್ರ ಟೆಂಟಿನಲ್ಲಿ ಮಲಗಿಸಬೇಡಿ. ಅದೇ ಕೆರೆಯ ಹತ್ತಿರ ಮರದ ಸಣ್ಣ ಕ್ಯಾಬಿನ್‌ಗಳಿವೆ. ಒಳಗೆ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಆದರೆ ಮಂಚ ಇದೆ, ಗ್ಯಾಸಿನ ಹೀಟರ್ ಇದೆ. ಮೊಣಕಾಲು ನೋವಿನವರು ನೆಲದಿಂದ ಏಳುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ. ಫ್ಲಷ್ ಇರುವ ಶೌಚಾಲಯ ಕ್ಯಾಂಪ್‌ಗ್ರೌಂಡಿನಲ್ಲೇ ಇದೆ.

ಇನ್ನು ಯಜಮಾನರ ಭಯ. ಲ್ಯಾಸೆನ್ ಪೀಕ್ ಸತ್ತ ಜ್ವಾಲಾಮುಖಿ ಅಲ್ಲ, ಅದು ನಿಜ. 1914ರ ಮೇ 30ಕ್ಕೆ ಎದ್ದು ಕೂತ ಬೆಟ್ಟ 1917ರ ತನಕ ಆಗಾಗ ಉಗುಳುತ್ತಲೇ ಇತ್ತು. 1915ರ ಮೇ 22ರ ಸ್ಫೋಟ ಎಷ್ಟು ದೊಡ್ಡದೆಂದರೆ ಬೂದಿ 300 ಕಿಲೋಮೀಟರ್ ದೂರದ ನೆವಾಡಾದ ಊರಿನ ಮೇಲೂ ಬಿತ್ತು. ಅದೇ ಗದ್ದಲದ ನಡುವೆ, 1916ರಲ್ಲಿ ಇದನ್ನು ನ್ಯಾಷನಲ್ ಪಾರ್ಕ್ ಮಾಡಿದರು. ಅಮೆರಿಕದ ಭೂಗರ್ಭ ಇಲಾಖೆಯವರು ಇವತ್ತಿಗೂ ಕಂಪನ ಅಳೆಯುವ ಉಪಕರಣ ಇಟ್ಟು ಕಾಯುತ್ತಾರೆ. ಬೆಟ್ಟ ಸಾಮಾನ್ಯವಾಗಿ ಸಣ್ಣಸಣ್ಣ ಕಂಪನಗಳಿಂದ ಮುನ್ಸೂಚನೆ ಕೊಡುತ್ತದೆ. ಎರಡು ರಾತ್ರಿ ಇರಲು ಹೋದವರು ಆ ಭಯ ಇಟ್ಟುಕೊಳ್ಳಬೇಕಾಗಿಲ್ಲ.

ಭಯ ಪಡಬೇಕಾದದ್ದು ಬೇರೆ ಇದೆ. ಬಂಪಸ್ ಹೆಲ್ ಅಂತ ಒಂದು ಜಾಗ. ಅಲ್ಲಿ ಬೂದು ಬಣ್ಣದ ಕೆಸರು ಕುದಿಯುತ್ತಾ ಇರುತ್ತದೆ. ಜುಣಕ ಗಟ್ಟಿಯಾಗುವ ಹೊತ್ತಿಗೆ ಗುಳ್ಳೆ ನಿಧಾನಕ್ಕೆ ಉಬ್ಬಿ ಪಟಕ್ಕಂತ ಒಡೆದು ಸಿಡಿಯುತ್ತದಲ್ಲ, ಥೇಟ್ ಹಾಗೇ. ಕೊಳೆತ ಮೊಟ್ಟೆಯ ವಾಸನೆ, ಹಳದಿ ಗಂಧಕ, ಕಿವಿ ತುಂಬುವ ಆವಿಯ ಭುಸುಭುಸು. ಆಮ್ಲ ತುಂಬಿದ ಆ ಆವಿ ಕೆಳಗಿನ ಕಲ್ಲನ್ನು ತಿಂದು ಜೇಡಿ ಮಾಡಿರುತ್ತದೆ, ಮೇಲೆ ಮಾತ್ರ ನೆಲ ಗಟ್ಟಿ ಇದ್ದಂತೆ ಕಾಣುತ್ತದೆ. ಅದು ಕಾಸಿದ ಹಾಲಿನ ಮೇಲಿನ ಕೆನೆ ಇದ್ದ ಹಾಗೆ. ಬಂಪಸ್ ಎಂಬಾತನೇ ಈ ಜಾಗಕ್ಕೆ ಜನರನ್ನು ಕರೆದುಕೊಂಡು ಬಂದು ತೋರಿಸುತ್ತಿದ್ದವನು. 1860ರ ದಶಕದಲ್ಲಿ ಅವನದೇ ಕಾಲು ಆ ಪದರ ಒಡೆದು ಕುದಿಯುವ ಕೆಸರಿಗೆ ಇಳಿಯಿತು, ಕೊನೆಗೆ ಕಾಲನ್ನೇ ಕಳೆದುಕೊಂಡ. ಜಾಗ ಗೊತ್ತಿದ್ದವನಿಗೇ ಹೀಗಾಯಿತು. ಈಗ ಹಲಗೆಯ ದಾರಿ ಹಾಕಿದ್ದಾರೆ. ಫೋಟೊಗಾಗಿ ಒಂದು ಹೆಜ್ಜೆ ಕೂಡ ಅದರಿಂದ ಕೆಳಗೆ ಇಳಿಯಬೇಡಿ, ಮಗ ಕರೆದರೂ ಇಳಿಯಬೇಡಿ.

ಅಲ್ಲಿಗೆ ಹೋಗಿ ಬರಲು ಸುಮಾರು 5 ಕಿಲೋಮೀಟರ್ ನಡೆಯಬೇಕು, ಅದೂ 8,000 ಅಡಿ ಎತ್ತರದಲ್ಲಿ. ಅತ್ತೆಯವರಿಗೆ ಆಗುವುದಿಲ್ಲ. ಅವರಿಗೆ ಸಲ್ಫರ್ ವರ್ಕ್ಸ್ ತೋರಿಸಿ. ರಸ್ತೆ ಪಕ್ಕದಲ್ಲೇ ಕೆಸರು ಕುದಿಯುತ್ತದೆ, ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಆಯಿತು. ಸಂಜೆ ಮ್ಯಾಂಜನೀಟಾ ಕೆರೆಯ ದಂಡೆಯಲ್ಲಿ ಕೂಡಿಸಿ, ನೀರಿನಲ್ಲಿ ಲ್ಯಾಸೆನ್ ಶಿಖರದ ನೆರಳು ಬಿದ್ದಿರುತ್ತದೆ. ನೀವು ಮತ್ತು ಯಜಮಾನರು 10,457 ಅಡಿಯ ಶಿಖರ ಹತ್ತುವ ಆಸೆ ಇಟ್ಟುಕೊಂಡಿದ್ದರೆ ಮೊದಲ ದಿನ ಬೇಡ. ಒಂದು ರಾತ್ರಿ ಮೈ ಹೊಂದಿಕೊಳ್ಳಲಿ. ನೀರು ಜಾಸ್ತಿ ಕುಡಿಯಿರಿ, ತಲೆ ಸಿಡಿದರೆ, ವಾಕರಿಕೆ ಬಂದರೆ ಅಲ್ಲಿಂದಲೇ ಇಳಿದುಬಿಡಿ. ಬಿಪಿ, ಹೃದಯದ ತೊಂದರೆ ಇದ್ದರೆ ಇಲ್ಲಿಂದ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ಊಟದ ವಿಷಯದಲ್ಲಿ ನೀವು ಅದೃಷ್ಟವಂತರು ಅಕ್ಕಾ. ಕ್ಯಾಂಪಿಂಗ್‌ಗೆ ನಮ್ಮ ಖಡಕ್ ರೊಟ್ಟಿಯಂಥ ಊಟ ಇನ್ನೊಂದಿಲ್ಲ. ಕೆಡುವುದಿಲ್ಲ, ಒಲೆ ಬೇಡ, ಭಾರ ಇಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡೂ ಕಟ್ಟಿಕೊಳ್ಳಿ. ರೊಟ್ಟಿ ಪುಡಿಯಾಗದಂತೆ ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡಿ, ವಿಮಾನ ಇಳಿದ ಮೇಲೆ ತಿನಿಸು ತಂದಿದ್ದೇವೆ ಅಂತ ಕಸ್ಟಮ್ಸ್‌ನಲ್ಲಿ ತಪ್ಪದೇ ಹೇಳಿ. ಬೇಳೆಯ ವಿಷಯ ಬೇರೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ನೀರು 94 ಡಿಗ್ರಿಗೇ ಕುದಿಯಲು ಶುರು ಮಾಡುತ್ತದೆ. ಆಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಬಿಸಿ ಏರುವುದಿಲ್ಲ. ನಾವು ಒಯ್ದಿದ್ದು ಇಲ್ಲಿನ ತೊಗರಿ ಬೇಳೆಯೇ, 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ನಮ್ಮ ಬೇಳೆ. ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಬೇಯಿಸಿದರೂ ಕಾಳು ಕಾಳಾಗಿಯೇ ಉಳಿಯಿತು, ಗ್ಯಾಸ್ ಡಬ್ಬಿ ಖಾಲಿಯಾಯಿತು. ಬೇಳೆಯದೇನೂ ತಪ್ಪಿರಲಿಲ್ಲ. ಎರಡು ಲೀಟರಿನ ಸಣ್ಣ ಕುಕ್ಕರ್ ಒಯ್ದರೆ ಸಾಕು, ಒಳಗೆ ಒತ್ತಡ ಕಟ್ಟಿಕೊಂಡು ಬೇಳೆ ಮೆತ್ತಗಾಗುತ್ತದೆ. ಮಧ್ಯಾಹ್ನವೇ ನೆನೆಸಿಡಿ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು.

ಉಂಡ ಮೇಲೆ ಒಂದು ಕೆಲಸ ಮರೆಯಬಾರದು. ಅಲ್ಲಿ ಕಪ್ಪು ಕರಡಿಗಳಿವೆ. ಟೆಂಟು ಹಾಕುವ ಜಾಗದಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ಊಟ ಮಾತ್ರವಲ್ಲ, ವಾಸನೆ ಬರುವ ಪ್ರತಿಯೊಂದೂ ಅದರೊಳಗೆ ಹೋಗಬೇಕು: ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಅತ್ತೆಯವರ ಮೊಣಕಾಲಿನ ಮುಲಾಮು ಕೂಡ. ದಿಂಬಿನ ಕೆಳಗೆ ಒಂದು ಹಿಡಿ ಶೇಂಗಾ ಇಟ್ಟುಕೊಳ್ಳುವ ರೂಢಿ ಇದ್ದರೆ ಆ ಎರಡು ರಾತ್ರಿ ಬಿಡಲು ಹೇಳಿ.

ದಿನ ಗೊತ್ತು ಮಾಡುವುದು. ಪಾರ್ಕಿನ ನಡುವೆ ಹಾಯುವ ರಸ್ತೆ 8,500 ಅಡಿಗೆ ಏರುತ್ತದೆ, ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿರುತ್ತದೆ. ಹಿಮ ಜಾಸ್ತಿ ಬಿದ್ದ ವರ್ಷ ಜುಲೈ ಬಂದರೂ ಪೂರ್ತಿ ತೆರೆಯುವುದಿಲ್ಲ. ತೀರ ತಡ ಮಾಡಿದರೆ ಕಾಡ್ಗಿಚ್ಚಿನ ಹೊಗೆ. 2021ರ ಡಿಕ್ಸಿ ಬೆಂಕಿ ಈ ಪಾರ್ಕಿನ ಮೂರರಲ್ಲಿ ಎರಡು ಭಾಗಕ್ಕೆ ಹಬ್ಬಿತ್ತು, ಕರಕಲು ಮರಗಳು ಇಂದಿಗೂ ಕಾಣುತ್ತವೆ. ಅದಕ್ಕೇ ನನ್ನ ಮಾತು ಕೇಳಿದರೆ ಜುಲೈ ಕೊನೆಯ ವಾರ ಇಟ್ಟುಕೊಳ್ಳಿ. ಜಾಗ ಆರು ತಿಂಗಳು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಆಗುತ್ತದೆ. ಮಗ ಜನವರಿಯಲ್ಲೇ ಕೂತು ಮಾಡಲಿ, ಶನಿವಾರ ಭಾನುವಾರ ಬಿಟ್ಟು.

ಇನ್ನೊಂದು. ಹೊರಡುವ ಮುಂಚೆ ಇಲ್ಲೇ ಒಂದು ರಾತ್ರಿ ಮಾಳಿಗೆ ಮೇಲೆ, ಹಾಸಿಗೆ ಇಲ್ಲದೆ, ಬರೀ ಪ್ಯಾಡ್ ಹಾಸಿ ಮಲಗಿ ನೋಡಿ. ಬೆನ್ನು ಏನು ಹೇಳುತ್ತದೋ ಗೊತ್ತಾಗುತ್ತದೆ.

ಪ್ರಶ್ನೆ: ಅಣ್ಣನ ಕುಟುಂಬ ಹವಾಯಿಯ ಜ್ವಾಲಾಮುಖಿ ಪಾರ್ಕಿಗೆ ಕರೆಯುತ್ತಿದೆ. ನನ್ನ 9 ವರ್ಷದ ಮಗಳಿಗೆ ಆಸ್ತಮಾ ಇದೆ. ಕರೆದುಕೊಂಡು ಹೋಗಬಹುದಾ?
— ಓದುಗ, ಯಾದಗಿರಿ

ಸರ್, ಇದಕ್ಕೆ ಮಗಳನ್ನು ನೋಡುವ ಡಾಕ್ಟರ್ ಒಪ್ಪಿಗೆ ಮೊದಲು ಬೇಕು. ಲ್ಯಾಸೆನ್‌ಗಿಂತ ಇದು ಬೇರೆ ಥರದ ಜಾಗ. ಅಲ್ಲಿನ ಕಿಲವೇಯಾ ಜಗತ್ತಿನ ಅತಿ ಚುರುಕಿನ ಜ್ವಾಲಾಮುಖಿಗಳಲ್ಲಿ ಒಂದು, 2024ರ ಡಿಸೆಂಬರ್‌ನಿಂದ ಬಿಟ್ಟು ಬಿಟ್ಟು ಲಾವಾ ಕಾರಂಜಿ ಚಿಮ್ಮಿಸಲು ಶುರು ಮಾಡಿತು. ಲಾವಾ ಜೊತೆಗೆ ಗಂಧಕದ ಅನಿಲ ಬರುತ್ತದೆ, ಅದು ಗಾಳಿಯಲ್ಲಿ ಬೆರೆತು ಮಬ್ಬು ಮಂಜಿನಂತೆ ಕವಿಯುತ್ತದೆ. ಅಲ್ಲಿನವರು ಅದನ್ನು ವಾಗ್ ಅನ್ನುತ್ತಾರೆ. ಆಸ್ತಮಾ ಇರುವ ಮಕ್ಕಳಿಗೆ ಅದೇ ದೊಡ್ಡ ಕಷ್ಟ. ಗಾಳಿ ಯಾವ ಕಡೆ ಬೀಸುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ, ಬೆಳಿಗ್ಗೆ ಚೆನ್ನಾಗಿದ್ದ ಜಾಗ ಸಂಜೆಗೆ ಕೆಟ್ಟಿರಬಹುದು. ಹೋಗುವುದಾದರೆ ಪಾರ್ಕಿನವರು ಕೊಡುವ ಗಾಳಿಯ ಸ್ಥಿತಿಯನ್ನು ದಿನಾ ನೋಡಿ, ಇನ್‌ಹೇಲರ್ ಅವಳ ಜೇಬಿನಲ್ಲೇ ಇರಲಿ, ಬ್ಯಾಗಿನಲ್ಲಿ ಬೇಡ. ರಾತ್ರಿ ಟೆಂಟಿನಲ್ಲಿ ಇರುವುದು ನನಗಂತೂ ಸರಿ ಅನ್ನಿಸುವುದಿಲ್ಲ. ಅಲ್ಲಿನ ಕ್ಯಾಂಪ್‌ಗ್ರೌಂಡ್ 4,000 ಅಡಿ ಮೇಲಿದೆ, ಥಂಡಿ ಮತ್ತು ಮಳೆ ಎರಡೂ ಇವೆ. ಕೆಳಗೆ ಊರಿನಲ್ಲಿ ರೂಮು ಮಾಡಿ, ಗಾಳಿ ಚೆನ್ನಾಗಿರುವ ದಿನ ಹೋಗಿ ಬನ್ನಿ.

ಪ್ರಶ್ನೆ: ನಾನು ಕಾಲೇಜು ಹುಡುಗ, ಅಮೆರಿಕಕ್ಕೆ ಹೋಗುವಷ್ಟು ದುಡ್ಡಿಲ್ಲ. ಹತ್ತಿರದಲ್ಲಿ ಜ್ವಾಲಾಮುಖಿ ನೆಲ ಎಲ್ಲಾದರೂ ನೋಡಬಹುದಾ?
— ಓದುಗ, ಬೀದರ್

ತಮ್ಮಾ, ನೀನು ಮಲಗಿ ಏಳುವುದೇ ಅದರ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು. ಲ್ಯಾಸೆನ್ ಶಿಖರದ ಲಾವಾ ರೊಟ್ಟಿ ಹಿಟ್ಟಿನಂತೆ ಅಂಟು, ಬಾಯಲ್ಲೇ ಗುಡ್ಡೆಯಾಗಿ ಕೂತಿತು. ನಮ್ಮದು ಅಂಬಲಿಯಂತೆ ತೆಳು, ಹರಿದು ಹರಿದು ಪದರದ ಮೇಲೆ ಪದರ ಕೂತಿತು. ಅದೇ ದಖ್ಖನ್ ಟ್ರ್ಯಾಪ್. ಯಾದಗಿರಿ ಕಡೆ ಹೋದರೆ ಗ್ರಾನೈಟ್ ಗುಡ್ಡ, ಶಹಾಬಾದ್ ಕಡೆ ಸುಣ್ಣದ ಕಲ್ಲು, ಆದರೆ ಬೀದರ್ ಪೂರ್ತಿ ಈ ಲಾವಾ ಮೇಲೆ ಇದೆ. ಕೋಟೆಯ ಕೆಂಪು ಜಂಬಿಟ್ಟಿಗೆ ಕೂಡ ಅದೇ ಕಪ್ಪು ಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕೊಳೆತು ಆದದ್ದು. ನೌಬಾದ್‌ನ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ನೋಡಿದ್ದೀಯಾ? ಕೆಂಪು ಕಲ್ಲು ಸ್ಪಂಜಿನಂತೆ ಮಳೆ ನೀರು ಕುಡಿಯುತ್ತದೆ, ಕೆಳಗಿನ ಕಪ್ಪು ಕಲ್ಲು ಅದನ್ನು ತಡೆಯುತ್ತದೆ. ಬಹಮನಿಗಳ ಕಾಲದವರು ಆ ನೀರನ್ನು ಸುರಂಗದಲ್ಲಿ ಹರಿಸಿ ತಂದರು. ಆ ಸುರಂಗಕ್ಕೆ ಮೇಲಿಂದ ತೋಡಿದ ಬಾವಿಗಳ ಸಾಲಿನ ಗುಂಟ ಒಂದು ಬೆಳಿಗ್ಗೆ ನಡೆದು ನೋಡು. ಉರಿಯುವ ಜ್ವಾಲಾಮುಖಿ ನಮ್ಮ ದೇಶದಲ್ಲಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಅಲ್ಲಿ ಜನವಸತಿ ಇಲ್ಲ, ಟೆಂಟು ಹಾಕುವ ಮಾತೇ ಇಲ್ಲ. ಮಹಾರಾಷ್ಟ್ರದ ಲೋನಾರ್ ಕೆರೆಯನ್ನು ಕೆಲವರು ಜ್ವಾಲಾಮುಖಿ ಬಾಯಿ ಅನ್ನುತ್ತಾರೆ. ಅದು ಉಲ್ಕೆ ಬಿದ್ದು ಆದ ಗುಂಡಿ. ಆದರೂ ನೋಡುವಂಥ ಜಾಗ.

ಪ್ರಶ್ನೆ: ಲ್ಯಾಸೆನ್‌ನಿಂದ ಒಂದು ಸಣ್ಣ ಕಲ್ಲು ತಂದುಕೊಳ್ಳಬಹುದಾ? ಶಾಲೆಯ ಮಕ್ಕಳಿಗೆ ತೋರಿಸಬೇಕು.
— ಶಿಕ್ಷಕಿ, ಆಳಂದ

ಬೇಡ ಟೀಚರ್. ಅಮೆರಿಕದ ನ್ಯಾಷನಲ್ ಪಾರ್ಕುಗಳಿಂದ ಕಲ್ಲು ಎತ್ತಿಕೊಂಡು ಬರುವುದು ಕಾನೂನಿಗೆ ವಿರುದ್ಧ, ಹಿಡಿದರೆ ದಂಡ. ಆಳಂದದಲ್ಲಿ ಯಾವುದಾದರೂ ಹೊಲದಲ್ಲಿ ಬಾವಿ ತೋಡಿದ ಕಡೆ ಮಕ್ಕಳನ್ನೇ ಕರೆದುಕೊಂಡು ಹೋಗಿ. ಮೇಲೆ ಎರೆ ಮಣ್ಣು, ಅದರ ಕೆಳಗೆ ಈರುಳ್ಳಿ ಸಿಪ್ಪೆಯಂತೆ ಸುಲಿಯುವ ಕಲ್ಲು, ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು. ಹೊರಗೆ ಹಾಕಿದ ರಾಶಿಯಲ್ಲಿ ಸಣ್ಣ ಸಣ್ಣ ತೂತು ಇರುವ ಕಲ್ಲು ಹುಡುಕಿ. ಅವು ಲಾವಾ ಹರಿಯುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು. ಕೆಲವು ತೂತುಗಳಲ್ಲಿ ಬಿಳಿ ಹರಳು ಕೂತಿರುತ್ತದೆ. ಹೊಲದವರನ್ನು ಒಂದು ಮಾತು ಕೇಳಿ ತೆಗೆದುಕೊಳ್ಳಿ, ಮತ್ತು ಬಾವಿಯ ಅಂಚಿಗೆ ಮಕ್ಕಳನ್ನು ಬಿಡಬೇಡಿ.