ಹಳೇ ಬ್ರೂವರಿಗೆ ಅಷ್ಟೆತ್ತರ ಯಾಕೆ?

ಪ್ರಶ್ನೆ: ಅಮೆರಿಕದ ಮಿಲ್ವಾಕಿಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಪಾಬ್ಸ್ಟ್ ಬಿಯರ್‌ನ ಹಳೇ ಬ್ರೂವರಿ ನೋಡಿದೆ. ಬಿಯರ್ ಮಾಡುವ ಜಾಗವನ್ನು ಕೋಟೆ ಹಾಗೆ ಅಷ್ಟೆತ್ತರ ಯಾಕೆ ಕಟ್ಟಿದರು? ಹತ್ತು ವರ್ಷ ಪಾಳು ಬಿದ್ದಿತ್ತಂತೆ, ನಿಜವಾ?

ಉತ್ತರ: ನಿಜ. 1844ರಲ್ಲಿ ಜರ್ಮನಿಯಿಂದ ಬಂದ ಜೇಕಬ್ ಬೆಸ್ಟ್ ಮತ್ತು ಮಕ್ಕಳು ಶುರು ಮಾಡಿದ ಬ್ರೂವರಿ ಅದು. ಅದನ್ನು ದೊಡ್ಡದು ಮಾಡಿದ್ದು ಆ ಮನೆಯ ಅಳಿಯ ಫ್ರೆಡ್ರಿಕ್ ಪಾಬ್ಸ್ಟ್, ಮೊದಲು ಹಡಗಿನ ಕ್ಯಾಪ್ಟನ್ ಆಗಿದ್ದವರು. 1889ರಲ್ಲಿ ಕಂಪನಿಗೆ ಅವರ ಹೆಸರೇ ಬಂತು.

ಈಗ ಎತ್ತರದ ವಿಷಯ. ನೀವು ನೋಡಿದ ಕೋಟೆತೆನೆಗಳು ಅಂದಕ್ಕೆ, ಎತ್ತರ ಮಾತ್ರ ಕೆಲಸಕ್ಕೆ ಬೇಕೇ ಬೇಕಿತ್ತು. ಆ ಕಾಲದ ದೊಡ್ಡ ಬ್ರೂವರಿಗಳಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಂದು ಸಲ ಮೇಲಕ್ಕೆ ಏರಿಸಿಬಿಡುತ್ತಿದ್ದರು, ಆಮೇಲೆ ಅದು ತನ್ನ ಭಾರಕ್ಕೆ ತಾನೇ ಮಹಡಿ ಮಹಡಿ ಇಳಿಯುತ್ತಾ ಬರುತ್ತಿತ್ತು: ಒಂದು ಕಡೆ ನುಚ್ಚಾಗಿ, ಅದರ ಕೆಳಗೆ ಬಿಸಿನೀರಿನಲ್ಲಿ ನೆನೆದು ಸಿಹಿ ಬಿಟ್ಟು, ಆ ಸಿಹಿನೀರು ಇನ್ನೂ ಕೆಳಗೆ ತಾಮ್ರದ ಕೊಪ್ಪರಿಗೆಯಲ್ಲಿ ಹಾಪ್ಸ್ ಹೂವಿನ ಜೊತೆ ಕುದ್ದು. ಇಡೀ ಕಟ್ಟಡವೇ ಒಂದು ಯಂತ್ರ. ಲಾಗರ್ ಅನ್ನೋ ಬಗೆಯ ಬಿಯರ್ ಹದಕ್ಕೆ ಬರಲು ತಣ್ಣನೆ ಜಾಗ ಬೇಕು, ಫ್ರಿಜ್ ಬರುವ ಮೊದಲು ಚಳಿಗಾಲದಲ್ಲಿ ಕೆರೆ, ನದಿಗಳ ಮಂಜುಗಡ್ಡೆ ಕೊಯ್ದು ನೆಲಮಾಳಿಗೆ ತುಂಬಿಸುತ್ತಿದ್ದರು.

ಆ ನೆಲಮಾಳಿಗೆಯೇ ಮುಂದೆ ಕಂಪನಿಯ ಕೈ ಹಿಡಿಯಿತು! 1920ರಿಂದ 1933ರವರೆಗೆ ದೇಶಕ್ಕೆಲ್ಲ ಪಾನನಿಷೇಧ. ಸುಮ್ನೆ ಕೂರದೆ ಪಾಬ್ಸ್ಟ್‌ನವರು ಚೀಸ್ ಮಾಡಿ, ಅದು ಹದಕ್ಕೆ ಬರಲು ಅದೇ ತಣ್ಣನೆ ಮಾಳಿಗೆಗಳಲ್ಲಿ ಇಟ್ಟರು. ನನಗೆ ಈ ಕತೆಯಲ್ಲಿ ತುಂಬಾ ಇಷ್ಟವಾಗೋದು ಇದೇ.

ನಿಷೇಧ ದಾಟಿದ ಬ್ರೂವರಿ ಕೊನೆಗೆ 1996ರಲ್ಲಿ ಮುಚ್ಚಿತು. ಪಂಪು, ಲಾರಿ, ಹೆದ್ದಾರಿ ಬಂದ ಮೇಲೆ ಊರ ಮಧ್ಯೆ ಮಹಡಿ ಮೇಲೆ ಮಹಡಿ ಕಟ್ಟುವ ಅಗತ್ಯವೇ ಇರಲಿಲ್ಲ, ಊರಾಚೆ ಒಂದೇ ಅಂತಸ್ತಿನ ಶೆಡ್ ಸಾಕು. ಆದರೆ ಬಿಯರ್‌ಗೆಂದೇ ಕಟ್ಟಿದ ಮನೆಯಲ್ಲಿ ಬೇರೆ ಏನು ಮಾಡೋದು? ಅದಕ್ಕೇ ಇಂಥ ಕಟ್ಟಡಗಳು ಜಾಸ್ತಿ ದಿನ ಖಾಲಿ ಬೀಳುತ್ತವೆ. 2006ರಲ್ಲಿ ಜೋಸೆಫ್ ಜಿಲ್ಬರ್ ಎಂಬ ಉದ್ಯಮಿ ಈ ಜಾಗವನ್ನು ಕೊಂಡರು, 2013ರಲ್ಲಿ ಬಿಯರ್ ಕುದಿಸುತ್ತಿದ್ದ ಕಟ್ಟಡವೇ ಹೋಟೆಲ್ ಆಯಿತು.

ನೀವು ಹೊರಗಿನಿಂದ ಮಾತ್ರ ನೋಡಿದ್ದು ಅಲ್ವಾ? ಮುಂದಿನ ಸಲ ಒಳಗೆ ಹೋಗಿ. ಕೊಪ್ಪರಿಗೆಗಳನ್ನು ಕಿತ್ತು ಹಾಕಿಲ್ಲ. ಅವುಗಳ ಗುಮ್ಮಟದಂಥ ತಾಮ್ರದ ಮುಚ್ಚಳಗಳು ಹೋಟೆಲಿನ ನಡುವೆ ಇವತ್ತಿಗೂ ಇವೆ.