ಡಿಫ್ಯೂಸರ್‌ನ ಬಿಳಿ ಮಂಜು ತಣ್ಣಗಿರುವುದೇಕೆ?

ಪ್ರಶ್ನೆ: ಕೋಣೆಯಲ್ಲಿ ಪರಿಮಳ ಹರಡುವ ವಿದ್ಯುತ್ ಸಾಧನವಾದ ಡಿಫ್ಯೂಸರ್‌ಗೆ ನೀರು ತುಂಬಿ ನಾಲ್ಕು ಹನಿ ಲ್ಯಾವೆಂಡರ್ ಎಣ್ಣೆ ಹಾಕಿದರೆ ಬಿಳಿಯ ಹೊಗೆಯಂಥದ್ದು ಏಳುತ್ತದೆ. ಕೈಯೊಡ್ಡಿದರೆ ತಣ್ಣಗಿರುತ್ತದೆ. ನೀರು ಕುದಿಯದೆ ಇದು ಹೇಗೆ ಸಾಧ್ಯ? ಅರ್ಧ ಗಂಟೆಯ ನಂತರ ಹೊಗೆ ಬರುತ್ತಿದ್ದರೂ ಪರಿಮಳ ತಿಳಿಯುವುದಿಲ್ಲ. ಎಣ್ಣೆಯನ್ನು ಹೆಚ್ಚಿಸಬೇಕೆ?

ಉತ್ತರ: ನೀವು ನೋಡುತ್ತಿರುವುದು ಹೊಗೆಯೂ ಅಲ್ಲ, ಹಬೆಯೂ ಅಲ್ಲ, ಅತಿ ಸಣ್ಣ ನೀರಹನಿಗಳ ಮಂಜು. ಸಾಧನವನ್ನು ಆರಿಸಿ, ನೀರು ಚೆಲ್ಲಿ ಒಳಗೆ ನೋಡಿದರೆ ತಳದಲ್ಲಿ ನಾಣ್ಯದಂಥ ದುಂಡನೆಯ ಬಿಲ್ಲೆಯೊಂದು ಕಾಣುತ್ತದೆ. ವಿದ್ಯುತ್ ಹರಿದಾಗ ಹಿಗ್ಗಿ ಕುಗ್ಗುವ ಸೆರಾಮಿಕ್‌ನಿಂದ ಅದನ್ನು ಮಾಡಿರುತ್ತಾರೆ. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುತ್ತದೆಂಬುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು. ಇಲ್ಲಿ ನಡೆಯುವುದು ಅದರ ವಿಲೋಮ ಕ್ರಿಯೆ. ಸಾಮಾನ್ಯವಾಗಿ ಈ ಬಿಲ್ಲೆ ಸೆಕೆಂಡಿಗೆ 17 ಲಕ್ಷದಿಂದ 24 ಲಕ್ಷ ಬಾರಿ ಕಂಪಿಸುತ್ತದೆ. ಮನುಷ್ಯನ ಕಿವಿಗೆ ಕೇಳುವ ಮಿತಿ ಸುಮಾರು 20,000 ಆದ್ದರಿಂದ ಈ ಕಂಪನದ ಸದ್ದು ನಮಗೆ ತಿಳಿಯುವುದಿಲ್ಲ.

ಕಂಪನವು ನೀರಿನ ಮೇಲ್ಮೈಯನ್ನು ಮುಟ್ಟಿದಾಗ ಅಲ್ಲಿ ಬರಿಗಣ್ಣಿಗೆ ಕಾಣದಷ್ಟು ಕಿರಿದಾದ ಅಲೆಗಳೆದ್ದು, ಅವುಗಳ ನೆತ್ತಿಯಿಂದ ಕೆಲವೇ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಗಾತ್ರದ ಹನಿಗಳು ಕಳಚಿಕೊಳ್ಳುತ್ತವೆ, ಒಳಗಿನ ಪುಟ್ಟ ಫ್ಯಾನು ಅವನ್ನು ಹೊರಕ್ಕೆ ತಳ್ಳುತ್ತದೆ. ನೀರನ್ನು ಕಾಯಿಸುವ ಕೆಲಸವೇ ಇಲ್ಲ. ಜೊತೆಗೆ, ಆ ಹನಿಗಳು ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಹೀರಿಕೊಳ್ಳುವುದರಿಂದ ನಿಮ್ಮ ಕೈಗೆ ತಂಪು ತಗಲುತ್ತದೆ. ನೀರಿನ ಮೇಲೆ ತೆಳ್ಳಗೆ ತೇಲುತ್ತಿದ್ದ ಎಣ್ಣೆಯೂ ಇದೇ ಅಲುಗಾಟದಲ್ಲಿ ಚೂರುಚೂರಾಗಿ ಹನಿಗಳೊಡನೆ ಹೊರಟು, ನೀರು ಆವಿಯಾದ ಮೇಲೆ ಗಾಳಿಯಲ್ಲಿ ಹರಡುತ್ತದೆ. ನೀರು ಕೇವಲ ವಾಹನ. ಮಂಜು ದಟ್ಟವಾಗಿದ್ದ ಮಾತ್ರಕ್ಕೆ ಪರಿಮಳವೂ ಹೆಚ್ಚಾಗಿರಬೇಕೆಂದಿಲ್ಲ.

ಪರಿಮಳ ಮಾಯವಾಯಿತೆಂದು ಅನ್ನಿಸುವುದಕ್ಕೆ ಮುಖ್ಯ ಕಾರಣ ನಿಮ್ಮ ಮೂಗೇ ಇರಬಹುದು. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಕೋಣೆಯಿಂದ ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬನ್ನಿ. ಬಾಗಿಲಲ್ಲೇ ಘಮ್ಮೆಂದರೆ ಎಣ್ಣೆಗೇನೂ ಕೊರತೆಯಾಗಿಲ್ಲ. ನಿಂಬೆ, ಕಿತ್ತಳೆಯಂಥ ಎಣ್ಣೆಗಳಾದರೆ ಅವುಗಳ ಹಗುರ ಅಂಶಗಳು ನಿಜಕ್ಕೂ ಬೇಗ ಹಾರಿಹೋಗುತ್ತವೆ, ಶ್ರೀಗಂಧದೆಣ್ಣೆಯ ಭಾರವಾದ ಅಂಶಗಳು ತುಂಬ ಹೊತ್ತು ನಿಲ್ಲುತ್ತವೆ.

ಆದ್ದರಿಂದ ದಯವಿಟ್ಟು ಎಣ್ಣೆಯನ್ನು ಹೆಚ್ಚಿಸಬೇಡಿ. 100 ಮಿಲಿಲೀಟರ್ ನೀರಿಗೆ ಮೂರರಿಂದ ಐದು ಹನಿ ಸಾಕು. ಅರ್ಧ ಗಂಟೆ ನಡೆಸಿ ಅಷ್ಟೇ ಹೊತ್ತು ನಿಲ್ಲಿಸುವುದು ಒಳ್ಳೆಯದು. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅತಿಯಾದರೆ ತಲೆನೋವು, ಕೆಮ್ಮು ಬರಬಹುದು, ಅಸ್ತಮಾ ಇರುವವರಿಗೆ ಉಬ್ಬಸ ಕೆರಳಬಹುದು. ಹಸುಗೂಸು ಮಲಗುವ ಕೋಣೆಯಲ್ಲಿ ಇದನ್ನು ಹಚ್ಚಲೇಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನಷ್ಟು ಎಚ್ಚರ ಬೇಕು: ಇಂಥ ಎಣ್ಣೆಗಳ ಹಲವು ಅಂಶಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ, ಟೀ ಟ್ರೀ ಎಣ್ಣೆಯಂತೂ ಅದಕ್ಕೆ ವಿಷ. ಕಿಟಕಿಯನ್ನು ಸ್ವಲ್ಪ ತೆರೆದಿಡಿ.

ಮಂಜೇ ಕಡಿಮೆಯಾದರೆ ಆ ಬಿಲ್ಲೆಯನ್ನು ನೋಡಿ. ಗಡಸು ನೀರಿನ ಲವಣವೂ ಎಣ್ಣೆಯ ಜಿಡ್ಡೂ ಸೇರಿ ಅದರ ಮೇಲೆ ಪೊರೆ ಕಟ್ಟಿರುತ್ತದೆ. ಪ್ಲಗ್ ತೆಗೆದು, ಹತ್ತಿಯನ್ನು ವಿನೆಗರ್‌ನಲ್ಲಿ ಅದ್ದಿ ಮೆಲ್ಲಗೆ ಒರೆಸಿ. ಚಾಕುವಿನಿಂದಾಗಲಿ ಉಗುರಿನಿಂದಾಗಲಿ ಕೆರೆಯಬೇಡಿ.